ಎದುರುಬದುರು ಕೂರಿಸುವ ಮೊದಲು: ಸಮುದಾಯ ಸಂಧಾನ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ

ಸಂಧಾನ ಕೇಂದ್ರ ಎಂದರೆ ಹೊರಗಿನವರಿಗೆ ಕಾಣುವುದು ಒಂದು ಕೋಣೆ, ನಾಲ್ಕಾರು ಕುರ್ಚಿ, ಎರಡು ಗಂಟೆಯ ಮಾತುಕತೆ. ಆ ಎರಡು ಗಂಟೆ ಹೇಗೆ ಸಾಗುತ್ತದೆ ಎನ್ನುವುದು ಬಹುಮಟ್ಟಿಗೆ ವಾರಗಳ ಹಿಂದೆಯೇ ನಿರ್ಧಾರವಾಗಿರುತ್ತದೆ: ಫೋನ್ ಎತ್ತಿದವರು ಏನು ಕೇಳಿದರು, ಸಂಯೋಜಕರು ಒಬ್ಬೊಬ್ಬರನ್ನೇ ಕಂಡಾಗ ಏನು ತಿಳಿದುಕೊಂಡರು ಎಂಬುದರಲ್ಲಿ. ಹೊಸದಾಗಿ ಸೇರಿದವರಿಗೆ ಜಂಟಿ ಸಭೆ ನಡೆಸುವ ಆಸೆ ಹೆಚ್ಚು. ಅವರು ಮೊದಲು ಕೈಗೆತ್ತಿಕೊಳ್ಳಬೇಕಾದ ಕೆಲಸ ತಯಾರಿ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಅದಕ್ಕೇ.

ಇದು ಯಾವ ಬಗೆಯ ಪ್ರಕರಣ?

ಒಂದೇ ಕಚೇರಿಯಲ್ಲಿ ನಡೆದರೂ ಸಂಧಾನ ಬೇರೆ, ರೆಸ್ಟೋರೇಟಿವ್ ಜಸ್ಟಿಸ್ (ಆದ ಹಾನಿಯನ್ನು ಸರಿಪಡಿಸುವ ನ್ಯಾಯ) ಬೇರೆ. ಮೇಲ್ಮನೆಯ ಗದ್ದಲ, ಬೇಲಿ, ಬಾಡಿಗೆಯ ಮುಂಗಡ, ಗಾಡಿ ನಿಲ್ಲಿಸುವ ಜಾಗ, ಸಂಧಾನಕ್ಕೆ ಬರುವ ಇಂಥ ಜಗಳಗಳಲ್ಲಿ ಇಬ್ಬರಿಗೂ ತಮ್ಮ ತಮ್ಮ ವಾದ ಇರುತ್ತದೆ. ಯಾರೂ ತಪ್ಪು ಒಪ್ಪಿಕೊಂಡು ಬರಬೇಕಿಲ್ಲ. ಎರಡನೆಯದರಲ್ಲಿ ಒಬ್ಬರಿಗೆ ಹಾನಿಯಾಗಿದೆ, ಇನ್ನೊಬ್ಬರು ‘ಹೌದು, ನಾನೇ ಮಾಡಿದ್ದು’ ಎಂದು ಒಪ್ಪಿದ್ದಾರೆ. ಆ ಒಪ್ಪಿಗೆ ಇಲ್ಲದೆ ಇಬ್ಬರನ್ನೂ ಎದುರು ಕೂರಿಸಿದರೆ, ನೊಂದವರು ತಮಗಾದ ನೋವನ್ನೇ ಸಾಬೀತು ಮಾಡಬೇಕಾದ ಸ್ಥಿತಿ ಬರುತ್ತದೆ. ಅದು ಎರಡನೇ ಪೆಟ್ಟು. ಪ್ರಕರಣ ಯಾವ ಬಗೆಯದು ಎಂದು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ, ಯಾಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಅದನ್ನು ನೋಡಿಕೊಂಡೇ ಬದಲಾಗುತ್ತದೆ.

1974ರಲ್ಲಿ ಕೆನಡಾದ ಒಂಟಾರಿಯೊದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಯುವಕರು 22 ಕಡೆ ಆಸ್ತಿಪಾಸ್ತಿ ಹಾಳುಗೆಡವಿ ತಪ್ಪೊಪ್ಪಿಕೊಂಡರು. ಪ್ರೊಬೇಷನ್ ಅಧಿಕಾರಿ (ತಪ್ಪಿತಸ್ಥರನ್ನು ಜೈಲಿನ ಹೊರಗೆ ನಿಗಾದಲ್ಲಿಡುವವರು) ಮಾರ್ಕ್ ಯಾಂಟ್ಜಿ ಮುಂದಿಟ್ಟ ಸಲಹೆಯಂತೆ ಅವರನ್ನು ನೊಂದವರ ಬಾಗಿಲಿಗೇ ಕರೆದೊಯ್ಯಲಾಯಿತು. ನಷ್ಟ ಎಷ್ಟೆಂದು ಕೇಳಿ, ಅದನ್ನು ತುಂಬಿಕೊಡುವ ಹೊಣೆ ಅವರದಾಯಿತು. ಇಂದಿನ ರೆಸ್ಟೋರೇಟಿವ್ ಜಸ್ಟಿಸ್ ಬೆಳೆದದ್ದು ಬಹುಮಟ್ಟಿಗೆ ಆ ಪ್ರಯೋಗದಿಂದ. ಆದರೆ ಬಾಗಿಲು ತಟ್ಟಿ ನೇರವಾಗಿ ಎದುರು ನಿಲ್ಲುವ ಆ ಪದ್ಧತಿಯನ್ನು ಇಂದು ಅನುಸರಿಸಬಾರದು. ನೊಂದವರು ಯಾವಾಗ, ಎಲ್ಲಿ, ಯಾರ ಜೊತೆಗೆ ಕೂತು ಮಾತಾಡಬೇಕು ಎನ್ನುವುದು ಅವರ ಆಯ್ಕೆ.

ಮೊದಲ ಫೋನ್ ಕರೆ

ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡುವು ಮಾಡಿಕೊಂಡೇ ಫೋನ್ ಎತ್ತಿ. ಮೊದಲ ಪ್ರಶ್ನೆ ಜಗಳದ್ದಲ್ಲ: ‘ಈಗ ಮಾತಾಡಲು ಅನುಕೂಲವಿದೆಯೇ? ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ?’ ಪಕ್ಕದಲ್ಲೇ ಎದುರು ಕಡೆಯವರಿದ್ದರೆ ಕರೆ ಮಾಡಿದವರು ನಿಜ ಹೇಳಲಾರರು. ಆಮೇಲೆ ಸುಮಾರು ಹತ್ತು ನಿಮಿಷ ಅವರಷ್ಟಕ್ಕೆ ಹೇಳಲು ಬಿಡಿ. ಮಧ್ಯೆ ತಡೆದು ತಾರೀಖು, ವಿಳಾಸ ಕೇಳುತ್ತ ಹೋದರೆ ಫಾರಂ ತುಂಬುತ್ತದೆ, ವಿಷಯ ಜಾರಿಹೋಗುತ್ತದೆ.

ಕರೆ ಮುಗಿಯುವ ಹೊತ್ತಿಗೆ ತಿಳಿದಿರಬೇಕಾದ್ದು ಇಷ್ಟು: ಏನಾಯಿತು, ಯಾವಾಗಿನಿಂದ, ಯಾರ‍್ಯಾರು ಇದರಲ್ಲಿದ್ದಾರೆ, ಕೋರ್ಟು ಅಥವಾ ಪೊಲೀಸು ಮೆಟ್ಟಿಲೇರಿದೆಯೇ, ಕೊನೆಯ ಬಾರಿ ಇಬ್ಬರೂ ನೆಟ್ಟಗೆ ಮಾತಾಡಿದ್ದು ಯಾವಾಗ, ಇವರಿಗೆ ಏನಾಗಬೇಕು. ಜೊತೆಗೆ, ನಿಮಗೋ ಸಂಧಾನಕಾರರಿಗೋ ಇವರಲ್ಲಿ ಯಾರಾದರೂ ಪರಿಚಯವೇ ಎಂದು ಹೆಸರು ಹಿಡಿದು ನೋಡಿ. ದೂರದ ನೆಂಟಸ್ತಿಕೆ ಇದ್ದರೂ ಬೇರೆಯವರಿಗೆ ವಹಿಸಿ.

ಸುರಕ್ಷತೆಯ ಪ್ರಶ್ನೆಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ‘ಜಗಳದಲ್ಲಿ ಕೈ ಮಾಡಿದ್ದುಂಟೇ?’ ಎಂದು ಕೇಳಿದರೆ ಸಾಲದು, ಹಲವರು ಇಲ್ಲವೆಂದುಬಿಡುತ್ತಾರೆ. ಇವನ್ನೂ ಕೇಳಿ: ‘ಅವರು ಹೇಳಿದ್ದಕ್ಕೆ ಆಗಲ್ಲ ಅಂದರೆ ಏನಾಗುತ್ತದೆ?’ ‘ನಿಮ್ಮ ಫೋನು, ದುಡ್ಡು, ಓಡಾಟದ ಮೇಲೆ ಅವರ ಹಿಡಿತವಿದೆಯೇ?’ ‘ಸಭೆಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿ ಮನೆಗೆ ಹೋದರೆ ಆ ರಾತ್ರಿ ಹೇಗಿರುತ್ತದೆ?’ ಕೊನೆಯ ಪ್ರಶ್ನೆಗೆ ಮೌನವೇ ಉತ್ತರವಾದರೆ ಅಲ್ಲಿಗೇ ನಿಲ್ಲಿ. ಭಯವಿರುವ ಕಡೆ ಒಪ್ಪಿಗೆಗೆ ಬೆಲೆಯಿಲ್ಲ. ಅಂಥವರಿಗೆ ಬೇಕಾದ್ದು ರಕ್ಷಣೆ, ಕಾನೂನು ನೆರವು. ಆ ಕಡೆಗೆ ದಾರಿ ತೋರಿಸುವುದೂ ನಿಮ್ಮ ಕೆಲಸವೇ.

‘ನೀವು ಹೇಳುವುದು ಸರಿ’, ‘ಅವರು ಹಾಗೆ ಮಾಡಬಾರದಿತ್ತು’ ಎನ್ನುವ ಮಾತು ಬಾಯಿಗೆ ಬಂದೇ ಬರುತ್ತದೆ. ತಡೆಯಿರಿ. ನಾಳೆ ಅದು ‘ಕೇಂದ್ರದವರೇ ನನ್ನ ಪರ ಹೇಳಿದ್ದಾರೆ’ ಎಂದಾಗಿ ಎದುರು ಕಡೆಯವರ ಕಿವಿಗೆ ಬೀಳುತ್ತದೆ. ‘ಮೂರು ತಿಂಗಳಿಂದ ನಿದ್ದೆಯಿಲ್ಲ ಅಂದಿರಿ, ತುಂಬಾ ಸುಸ್ತಾಗಿರಬೇಕು’ ಎನ್ನಬಹುದು. ಅದರಲ್ಲಿ ಕಾಳಜಿಯೂ ಇದೆ, ತೀರ್ಪೂ ಇಲ್ಲ.

ಎದುರು ಕಡೆಯವರನ್ನು ಕರೆಯುವುದು

ಅರ್ಧಕ್ಕೆ ನಿಂತುಹೋಗುವ ಸಂಧಾನ ಪ್ರಕರಣಗಳು ಸಾಮಾನ್ಯವಾಗಿ ಇಲ್ಲೇ ಮುಗ್ಗರಿಸುತ್ತವೆ. ದೂರು ತಂದವರ ಅನುಮತಿಯಿಲ್ಲದೆ ಕರೆ ಮಾಡಬೇಡಿ. ಅವರ ಹೆಸರು ಹೇಳಬಹುದೇ, ಎಷ್ಟು ವಿಷಯ ಹೇಳಬಹುದು ಎಂದು ಕೇಳಿ ಬರೆದುಕೊಳ್ಳಿ. ಪತ್ರ ಕಳಿಸುವುದಾದರೆ ಅದು ನೋಟಿಸಿನಂತೆ ಕಾಣಬಾರದು. ‘ನಿಮ್ಮ ವಿರುದ್ಧ ದೂರು ಬಂದಿದೆ’ ಎಂದು ಬರೆದರೆ ಓದಿದವರು ವಕೀಲರನ್ನು ಹುಡುಕುತ್ತಾರೆ. ಹೀಗೆ ಬರೆಯಿರಿ: ‘ನಿಮ್ಮ ನೆರೆಯವರು ನಿಮ್ಮೊಡನೆ ಒಂದು ವಿಷಯ ಮಾತಾಡಿ ಬಗೆಹರಿಸಿಕೊಳ್ಳಲು ನಮ್ಮ ಸಹಾಯ ಕೇಳಿದ್ದಾರೆ. ನಾವು ಯಾರ ಪರವೂ ಅಲ್ಲ, ತೀರ್ಪು ಕೊಡುವವರೂ ಅಲ್ಲ. ನಿಮ್ಮ ಕಡೆಯ ವಿಷಯ ಕೇಳಬೇಕೆಂದಿದ್ದೇವೆ.’ ಲಕೋಟೆಯ ಮೇಲೆ ವಿಷಯದ ಸುಳಿವು ಬೇಡ.

ಪತ್ರ ತಲುಪಿದ ಮೂರ್ನಾಲ್ಕು ದಿನಕ್ಕೆ ಫೋನ್ ಮಾಡಿ. ಬಯ್ದರೆ ಬಯ್ಯಲಿ, ಅದು ನಿಮ್ಮ ಮೇಲಿನ ಸಿಟ್ಟಲ್ಲ. ‘ಹಾಗಾದರೆ ನಿಮಗೂ ಇದರಿಂದ ತೊಂದರೆಯಾಗಿದೆ ಅನ್ನಿ’ ಎಂದರೆ ಅವರೂ ತಮ್ಮ ಕಥೆ ಬಿಚ್ಚುತ್ತಾರೆ. ‘ಬರದಿದ್ದರೆ ಕೋರ್ಟಿಗೆ ಹೋಗಬೇಕಾಗುತ್ತದೆ’ ಎಂದು ಹೆದರಿಸಿ ಕರೆತಂದವರು ಸಭೆಯಲ್ಲಿ ಕೈಕಟ್ಟಿ ಕೂರುತ್ತಾರೆ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 2002ರಲ್ಲಿ ಒಪ್ಪಿದ ಮೂಲ ತತ್ತ್ವಗಳಲ್ಲೂ ಇದು ಸ್ಪಷ್ಟವಿದೆ: ಹಾನಿ ಮಾಡಿದವರು, ನೊಂದವರು ಇಬ್ಬರೂ ಮನಸಾರೆ ಒಪ್ಪಿರಬೇಕು, ಯಾವ ಹಂತದಲ್ಲೂ ಹಿಂದೆ ಸರಿಯಬಹುದು. ಹಾನಿ ಮಾಡಿದವರು ಇದರಲ್ಲಿ ಭಾಗವಹಿಸಿದ್ದನ್ನು ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆಯ ಸಾಕ್ಷ್ಯವಾಗಿ ಬಳಸಬಾರದು ಎಂದೂ ಅಲ್ಲಿದೆ. ಈ ಎರಡನ್ನೂ ಪ್ರತಿಯೊಬ್ಬರಿಗೂ ಬಾಯಿಮಾತಿನಲ್ಲಿ, ಸರಳವಾಗಿ ಹೇಳಿ. ನಿಮ್ಮಲ್ಲಿನ ಕಾನೂನು ಎಷ್ಟರ ಮಟ್ಟಿಗೆ ಗೌಪ್ಯತೆ ಕೊಡುತ್ತದೆ ಎಂದು ಮೊದಲೇ ತಿಳಿದಿರಿ, ಅದಕ್ಕಿಂತ ಹೆಚ್ಚಿನ ಭರವಸೆ ಕೊಡಬೇಡಿ. ಜೀವಕ್ಕೆ ಅಪಾಯ, ಮಕ್ಕಳ ಮೇಲಿನ ದೌರ್ಜನ್ಯ ಕಿವಿಗೆ ಬಿದ್ದರೆ ಗುಟ್ಟಾಗಿಡಲು ಆಗುವುದಿಲ್ಲ ಎಂಬುದನ್ನು ಮಾತು ಶುರುವಾಗುವ ಮುಂಚೆಯೇ ತಿಳಿಸಿ.

ಪ್ರತ್ಯೇಕ ಭೇಟಿ

ನೆರೆಹೊರೆ ಜಗಳಕ್ಕೆ ಒಂದೊಂದು ಕಡೆಗೂ ಒಂದು ಭೇಟಿ, ಒಂದರಿಂದ ಒಂದೂವರೆ ಗಂಟೆ. ಹಾನಿಯ ಪ್ರಕರಣಕ್ಕೆ ಕಡಿಮೆಯೆಂದರೂ ಎರಡೆರಡು. ಗಂಭೀರ ಅಪರಾಧವಾದರೆ ತಯಾರಿಗೇ ತಿಂಗಳುಗಟ್ಟಲೆ ಬೇಕು.

ಹಾನಿಯ ಪ್ರಕರಣದಲ್ಲಿ, ನೊಂದವರೇ ಮುಂದಾಗಿ ಕೇಳಿಕೊಂಡು ಬಂದಿರದಿದ್ದರೆ, ಹಾನಿ ಮಾಡಿದವರನ್ನು ಮೊದಲು ಕಾಣಿ. ನೊಂದವರಲ್ಲಿ ಆಸೆ ಹುಟ್ಟಿಸಿದ ಮೇಲೆ ಆ ಕಡೆಯವರು ಒಲ್ಲೆ ಎಂದರೆ ಹಳೆಯ ಗಾಯ ಮತ್ತೆ ಕೆದಕಿದಂತಾಗುತ್ತದೆ. ಮೊದಲ ಭೇಟಿಯಲ್ಲಿ ‘ಯಾಕೆ ಮಾಡಿದೆ?’ ಎಂದು ಕೇಳಬೇಡಿ, ಆ ಪ್ರಶ್ನೆಗೆ ನೆಪಗಳು ಮಾತ್ರ ಬರುತ್ತವೆ. ‘ಏನಾಯಿತು?’, ‘ಆ ಹೊತ್ತಿಗೆ ತಲೆಯಲ್ಲಿ ಏನು ಓಡುತ್ತಿತ್ತು?’, ‘ಆಮೇಲೆ ಏನನ್ನಿಸಿತು?’, ‘ಇದರಿಂದ ಯಾರ‍್ಯಾರಿಗೆ ಪೆಟ್ಟು ಬಿದ್ದಿದೆ?’, ‘ಸರಿಮಾಡಲು ಏನು ಆಗಬೇಕು ಅನ್ನಿಸುತ್ತದೆ?’ ಎಂಬ ಕ್ರಮದಲ್ಲಿ ಹೋಗಿ. ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಗಮನವಿಟ್ಟು ಕೇಳಿ. ‘ನನಗೇ ಪೆಟ್ಟು ಬಿದ್ದಿದ್ದು’ ಎಂಬಲ್ಲೇ ಮಾತು ನಿಂತರೆ ಇನ್ನೊಂದು ಭೇಟಿ ಬೇಕು. ‘ಆ ಮನೆಯ ಮಗು ಈಗ ಒಂಟಿಯಾಗಿ ಮಲಗಲ್ಲವಂತೆ’ ಎಂಬ ಮಾತು ತಾನಾಗಿ ಬಂದರೆ ತಯಾರಿ ಮುಂದೆ ಹೋಗಿದೆ ಎಂದರ್ಥ.

ನೊಂದವರನ್ನು ಅವರು ಹೇಳಿದ ಜಾಗದಲ್ಲೇ ಕಾಣಿ. ಅವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ: ‘ನಮ್ಮ ಮನೆಯನ್ನೇ ಯಾಕೆ ಆರಿಸಿದ?’, ‘ನಾವು ಒಳಗಿರುವುದು ಗೊತ್ತಿತ್ತೇ?’, ‘ಮತ್ತೆ ಬರುತ್ತಾನೆಯೇ?’ ನಷ್ಟ ಪರಿಹಾರಕ್ಕಿಂತ ಈ ಉತ್ತರಗಳೇ ಎಷ್ಟೋ ಜನರಿಗೆ ಮುಖ್ಯ. ಕ್ಷಮಿಸಬೇಕೆಂಬ ಮಾತನ್ನು ನೀವಾಗಿ ಎತ್ತಲೇಬೇಡಿ. ಕ್ಷಮೆ ಅವರ ಸ್ವತ್ತು, ಕೊಡದೆಯೂ ಸಭೆ ಚೆನ್ನಾಗಿ ಮುಗಿಯಬಹುದು. ಎದುರು ಕೂರಲು ಒಪ್ಪದಿದ್ದರೆ ಪತ್ರ, ಧ್ವನಿಮುದ್ರಣ, ಅಥವಾ ನೀವೇ ಆಚೆಈಚೆ ಮಾತು ಒಯ್ಯುವ ದಾರಿಗಳಿವೆ.

ಜೊತೆಗೆ ಯಾರು ಬರುತ್ತಾರೆ ಎಂಬುದೂ ಇಲ್ಲೇ ಗೊತ್ತಾಗಲಿ. ಬೆಂಬಲಕ್ಕೆ ಬಂದ ಅಣ್ಣನೋ ಚಿಕ್ಕಪ್ಪನೋ ಕೂತಲ್ಲೇ ಕೂಗಾಡಿ ಸಭೆ ಮುರಿಯುವುದುಂಟು. ಬರುವ ಪ್ರತಿಯೊಬ್ಬರ ಜೊತೆಗೂ ಹದಿನೈದು ನಿಮಿಷವಾದರೂ ಮುಂಚಿತವಾಗಿ ಮಾತಾಡಿ.

ಕೋಣೆ ಮತ್ತು ಸಭೆ

ಮೂರು ಗಂಟೆ ಕೋಣೆ ಕಾದಿರಿಸಿ, ಇಬ್ಬರು ಸಂಧಾನಕಾರರಿರಲಿ. ಬರುವ ಸಮಯ ಎರಡೂ ಕಡೆಗೆ ಹದಿನೈದು ನಿಮಿಷ ಅಂತರವಿರಲಿ, ಕಾಯುವ ಜಾಗ ಬೇರೆಬೇರೆ. ಎಲ್ಲ ಕುರ್ಚಿಗಳೂ ಒಂದೇ ಎತ್ತರದವು, ಒಂದೇ ಬಗೆಯವು. ಸಂಧಾನಕಾರರಿಗೆ ಮಾತ್ರ ಕೈ ಇರುವ ಕುರ್ಚಿ ಹಾಕಿದರೆ ಜನ ನ್ಯಾಯಾಧೀಶರನ್ನು ನೋಡಿದಂತೆ ಅವರ ಮುಖವನ್ನೇ ನೋಡುತ್ತಾರೆ. ನೊಂದವರು ಬಾಗಿಲಿಗೆ ಹತ್ತಿರ ಕೂರಲಿ, ಯಾರನ್ನೂ ದಾಟದೆ ಎದ್ದು ಹೋಗುವಂತಿರಬೇಕು. ಕುರ್ಚಿಗಳನ್ನು ನೇರ ಎದುರಿಗೆ ಇಡದೆ ಸ್ವಲ್ಪ ಓರೆಯಾಗಿಡಿ, ದೃಷ್ಟಿ ತಪ್ಪಿಸಲು ಜಾಗ ಸಿಗುತ್ತದೆ. ನೀರು, ಟಿಶ್ಯೂ ಎಲ್ಲರ ಕೈಗೆಟುಕುವಲ್ಲಿರಲಿ. ಅಳುವವರ ಮುಂದೆ ಟಿಶ್ಯೂ ಚಾಚಿದರೆ ‘ಸಾಕು, ಅಳು ನಿಲ್ಲಿಸಿ’ ಎಂದಂತೆ ಕೇಳುತ್ತದೆ.

ಶುರುವಿನ ಮಾತು ಐದು ನಿಮಿಷ ಮೀರದಿರಲಿ. ನಂತರ ಒಬ್ಬೊಬ್ಬರಿಗೂ ಅಡ್ಡಿಯಿಲ್ಲದ ಸರದಿ. ಎದುರಿನವರ ಕೈಗೆ ಕಾಗದ, ಪೆನ್ನು ಕೊಡಿ: ‘ಹೇಳಬೇಕೆನಿಸಿದ್ದನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಸರದಿ ಬರುತ್ತದೆ.’ ಒಬ್ಬರಿಗೆ ‘ಧನ್ಯವಾದ’ ಎಂದರೆ ಇನ್ನೊಬ್ಬರಿಗೂ ಅದೇ ಪದ ಬಳಸಿ. ಇಂಥ ಸಣ್ಣ ವ್ಯತ್ಯಾಸವನ್ನು ಜನ ಎಣಿಸುತ್ತಾರೆ.

ಮೌನ ಬಿದ್ದಾಗ ತುಂಬಲು ಹೋಗಬೇಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕ್ಷಮೆಯ ಮಾತಾಗಲಿ, ಮೊದಲ ಪ್ರಾಮಾಣಿಕ ಉತ್ತರವಾಗಲಿ ಹೊರಡುವುದು ಅಂಥ ಮೌನದ ಆಚೆ ತುದಿಯಲ್ಲಿ. ಸಂಧಾನದಲ್ಲಿ ಮಾತು ಒಂದೇ ಕಡೆ ಗಾಣದಂತೆ ಸುತ್ತತೊಡಗಿದರೆ ಪ್ರತ್ಯೇಕ ಕೋಣೆಗೆ ಕರೆದು ಮಾತಾಡಿ. ಎರಡೂ ಕಡೆಗೂ ಹೆಚ್ಚುಕಡಿಮೆ ಒಂದೇ ಸಮಯ ಕೊಡಿ, ಎದ್ದುಬರುವ ಮುಂಚೆ ‘ಇದರಲ್ಲಿ ಯಾವುದನ್ನು ಆಚೆ ಹೇಳಬಹುದು?’ ಎಂದು ಕೇಳಿ.

ಅನುಭವಿಗಳೂ ಎಡವುವುದು ಪರಿಹಾರವನ್ನು ತಾವೇ ಸೂಚಿಸುವಲ್ಲಿ. ಎರಡು ಗಂಟೆ ಕೇಳಿದ ಮೇಲೆ ದಾರಿ ನಿಮಗೆ ಸ್ಪಷ್ಟವಾಗಿ ಕಾಣುತ್ತದೆ, ಹೇಳಿಬಿಡೋಣ ಎನ್ನಿಸುತ್ತದೆ. ಹೇಳಿದರೆ ಅವರು ಒಪ್ಪಲೂಬಹುದು. ಆದರೆ ತಿಂಗಳು ಕಳೆದು ಅದು ಕೆಟ್ಟಾಗ ‘ಕೇಂದ್ರದವರು ಹಾಗೆ ಮಾಡಿ ಅಂದಿದ್ದರು’ ಎನ್ನುತ್ತಾರೆ, ತಾವಾಗಿ ದುರಸ್ತಿ ಮಾಡಿಕೊಳ್ಳುವುದಿಲ್ಲ.

ಒಪ್ಪಂದ ಬರೆಯುವುದು

‘ರಾತ್ರಿ ಹೊತ್ತು ಶಬ್ದ ಕಡಿಮೆ ಮಾಡುತ್ತೇವೆ’ ಎಂಬ ಸಾಲು ಎರಡು ವಾರವೂ ಬಾಳದು. ರಾತ್ರಿ ಎಂದರೆ ಎಷ್ಟು ಗಂಟೆ? ಕಡಿಮೆ ಎಂದರೆ ಎಷ್ಟು? ಹೀಗಿರಲಿ: ‘ಮೇಲ್ಮನೆಯವರು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಷಿಂಗ್ ಮಷೀನ್ ಹಾಕುವುದಿಲ್ಲ. ಈ ತಿಂಗಳ 20ರೊಳಗೆ ಅದರಡಿ ರಬ್ಬರ್ ಮ್ಯಾಟ್ ಹಾಕಿಸುತ್ತಾರೆ. ಶಬ್ದ ಕೇಳಿಸಿದರೆ ಕೆಳಮನೆಯವರು ಒಂದು ಮೆಸೇಜ್ ಕಳಿಸುತ್ತಾರೆ, ಸೂರು ಬಡಿಯುವುದಿಲ್ಲ.’ ಯಾರು, ಏನು, ಯಾವಾಗ, ಕೆಟ್ಟರೆ ಏನು ಎಂಬ ನಾಲ್ಕಕ್ಕೂ ಉತ್ತರವಿದೆ, ಎರಡೂ ಕಡೆಯವರಿಗೆ ಕೆಲಸವಿದೆ. ನಷ್ಟಭರ್ತಿಯಾದರೆ ಕಂತು ಎಷ್ಟು, ತಿಂಗಳ ಯಾವ ತಾರೀಖು, ಹಣ ಯಾರ ಮೂಲಕ, ಒಂದು ಕಂತು ತಪ್ಪಿದರೆ ಎಷ್ಟು ದಿನದೊಳಗೆ ತಿಳಿಸಬೇಕು ಎಂದು ಬರೆಯಿರಿ. ಹಾನಿ ಮಾಡಿದವರ ಸಂಪಾದನೆಗೆ ಮೀರಿದ ಮೊತ್ತ ಆವೇಶದಲ್ಲಿ ಒಪ್ಪಿಗೆಯಾಗುತ್ತದೆ. ತಿಂಗಳ ಖರ್ಚಿನ ಲೆಕ್ಕವನ್ನು ಅಲ್ಲೇ ಕಾಗದದ ಮೇಲೆ ಹಾಕಿಸಿ ನೋಡಿ. ಜನ ಹೊರಡುವ ಆತುರದಲ್ಲಿದ್ದರೆ ಸಹಿ ಅವತ್ತೇ ಬೇಡ, ಎರಡು ದಿನ ಓದಿಕೊಂಡು ಬರಲಿ.

ಆಮೇಲೆ

ಸಭೆ ಮುಗಿದ ಮಾರನೇ ದಿನ ಎರಡೂ ಕಡೆಗೂ ಒಂದು ಕರೆ, ಎರಡು ವಾರಕ್ಕೆ ಇನ್ನೊಂದು, ಮೂರು ತಿಂಗಳಿಗೆ ಮತ್ತೊಂದು. ‘ಎಲ್ಲ ಸರಿಯಿದೆಯೇ?’ ಎಂದರೆ ಹೂಂ ಎನ್ನುತ್ತಾರೆ. ಒಪ್ಪಂದದ ಒಂದೊಂದು ಸಾಲನ್ನೂ ಓದಿ ಕೇಳಿ.

ಸಂಧಾನಕಾರರನ್ನು ಸಭೆಯ ದಿನವೇ ಇಪ್ಪತ್ತು ನಿಮಿಷ ಕೂರಿಸಿಕೊಂಡು ಮಾತಾಡಿಸಿ. ಏನು ನಡೆಯಿತು, ಎಲ್ಲಿ ತಡವರಿಸಿದರು, ಯಾವ ಮಾತು ಇನ್ನೂ ಎದೆಯಲ್ಲಿ ಕೂತಿದೆ. ಕೇಳಿದ ನೋವನ್ನು ಮನೆಗೆ ಹೊತ್ತು ಹೋಗುವ ಸ್ವಯಂಸೇವಕರು ಕೆಲವೇ ತಿಂಗಳಲ್ಲಿ ಬರುವುದನ್ನೇ ಬಿಡುವುದುಂಟು. ಹೊಸಬರಿಗೆ ಮೂಲ ತರಬೇತಿ ಹಲವು ಕಡೆ 40 ಗಂಟೆಯದ್ದು. ಅದಾದ ಮೇಲೂ ಅವರು ಕೆಲವು ಸಭೆಗಳನ್ನು ಬರೀ ನೋಡಲಿ, ಕೆಲವನ್ನು ಅನುಭವಿಗಳ ಜೊತೆ ನಡೆಸಲಿ, ಆಮೇಲಷ್ಟೇ ಹೊಣೆ ಕೊಡಿ.

ಸಭೆಯ ಟಿಪ್ಪಣಿಗಳನ್ನು ಕಾನೂನಿಗೂ ಕೇಂದ್ರದ ನಿಯಮಕ್ಕೂ ಒಳಪಟ್ಟು ನಾಶಮಾಡಿ. ಫೈಲಿನಲ್ಲಿ ಉಳಿಯಬೇಕಾದ್ದು ಒಪ್ಪಿಗೆಪತ್ರ, ಒಪ್ಪಂದದ ಪ್ರತಿ, ಕರೆ ಮಾಡಿದ ತಾರೀಖುಗಳು. ಯಾರು ಏನೆಂದು ಬಯ್ದರು ಎನ್ನುವುದು ಎಲ್ಲೂ ಬರಹದಲ್ಲಿ ಉಳಿಯಬಾರದು.