ನಮ್ಮ ಬೇಸ್‌ಮೆಂಟಿನ ಕೋಳಿ ಅಂಕ

ಕಪ್ಪು ಕಲಾವಿದರ ಐವತ್ತು ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡೋಣ ಅಂದಾಗ ಎಲ್ಲರೂ ನಕ್ಕಿದ್ದರು. ಎಂಟು ಜನ ಕನ್ನಡಿಗರು ಒಟ್ಟಿಗೆ ಕೂತರೆ ರಾತ್ರಿಗೆ ಚಿತ್ರಾನ್ನವೋ ಪುಳಿಯೋಗರೆಯೋ ಅನ್ನುವುದೇ ತೀರ್ಮಾನ ಆಗಲ್ಲ, ಇನ್ನು ಇದು ಆಗುತ್ತಾ? ಮೂರು ವರ್ಷ ಹಿಡಿಯಿತು. ಈಗ ಪಟ್ಟಿಯಲ್ಲಿ 47 ಇವೆ. ನಕ್ಕವರಲ್ಲಿ ಇಬ್ಬರು ಮೊನ್ನೆ ಅದರ ಫೋಟೋ ತೆಗೆದುಕೊಂಡು ಹೋದರು.

ನಾವಿರುವುದು ಅಮೆರಿಕದ ಡೆಟ್ರಾಯಿಟ್ ಹತ್ತಿರ, ಎಲ್ಲರದ್ದೂ ಕಾರಿಗೆ ಸಂಬಂಧಿಸಿದ ಕೆಲಸ. ಮೋಟೌನ್ ರೆಕಾರ್ಡ್ ಕಂಪನಿ ಶುರುವಾದ ಮನೆ ನಮ್ಮಿಂದ ಅರ್ಧ ಗಂಟೆ ದಾರಿ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು. ಒಬ್ಬೊಬ್ಬರೂ ತಮ್ಮ ಪಟ್ಟಿ ಕೊಟ್ಟು, ಅಂಕ ಕೂಡಿಸಿದೆವು. ‘ಥ್ರಿಲ್ಲರ್’ ಎಲ್ಲರಿಗಿಂತ ಮೇಲೆ ಬಂತು, ಯಾಕಂದರೆ ಎಲ್ಲರ ಮನೆಯಲ್ಲೂ ಆ ಕ್ಯಾಸೆಟ್ ಇತ್ತು. ಜಾಝ್‌ನ ಆಲಿಸ್ ಕೋಲ್ಟ್ರೇನ್‌ಗೆ ಹೆಚ್ಚುಕಡಿಮೆ ಸೊನ್ನೆ. ತಂಬೂರಿ ಇಟ್ಟುಕೊಂಡು ‘ಜರ್ನಿ ಇನ್ ಸಚ್ಚಿದಾನಂದ’ ಮಾಡಿದವರಿಗೆ ಕನ್ನಡಿಗರ ಮನೆಯಲ್ಲೇ ಸೊನ್ನೆ! ಕೇಳದ ಆಲ್ಬಂಗೆ ಯಾರು ತಾನೇ ಅಂಕ ಕೊಡುತ್ತಾರೆ? ದೊಡ್ಡ ಪತ್ರಿಕೆಗಳದ್ದೂ ಇದೇ ಕಥೆ. ರೋಲಿಂಗ್ ಸ್ಟೋನ್‌ನ 2003ರ ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಹತ್ತರಲ್ಲಿ ಕಪ್ಪು ಕಲಾವಿದರದ್ದು ಇದ್ದದ್ದು ಒಂದೇ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’, ಅದೂ ಆರನೆಯದು. 2020ರಲ್ಲಿ ಹೊಸಬರು ಓಟು ಹಾಕಿದರು. ಅದೇ ಆಲ್ಬಂ ಒಂದನೆಯದಾಯಿತು. ಜೊತೆಗೆ ಸ್ಟೀವಿ ವಂಡರ್, ಪ್ರಿನ್ಸ್, ಲಾರಿನ್ ಹಿಲ್ ಕೂಡ ಹತ್ತರೊಳಗೆ ಬಂದರು.

ಆಮೇಲೆ ಮನೆಗೆಲಸ ಕೊಟ್ಟು ನೋಡಿದೆ. ವಾರಕ್ಕೆ ಮೂರು ಆಲ್ಬಂ ಕೇಳಿಕೊಂಡು ಬನ್ನಿ ಅಂದೆ. ಯಾರೂ ಕೇಳಲಿಲ್ಲ. ಒಬ್ಬ ಪುಣ್ಯಾತ್ಮ ಕಾರಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ ಬಂದಿದ್ದ.

ಕೊನೆಗೆ ಕೈ ಹಿಡಿದ ದಾರಿ ಇದು. ಶನಿವಾರಕ್ಕೆ ಎರಡೇ ಆಲ್ಬಂ. ಫೋನುಗಳೆಲ್ಲ ಮೇಲೆ ಅಡುಗೆಮನೆಯಲ್ಲಿ. ಒಂದೊಂದರದ್ದೂ ಎಲ್‌ಪಿಯ, ಅಂದರೆ ಹಾಡಿನ ದೊಡ್ಡ ತಟ್ಟೆಯ, ಒಂದು ಸೈಡ್ ಪೂರ್ತಿ, ಮಾತಿಲ್ಲದೆ ಕೇಳಬೇಕು. ಆಮೇಲೆ ಜಗಳ. ಆದರೆ ಆಲ್ಬಂ ತಂದವನು ಎದುರಿನ ಆಲ್ಬಂ ಪರವಾಗಿ ವಾದಿಸಬೇಕು. ತಂದ ಇಬ್ಬರಿಗೂ ಓಟಿಲ್ಲ, ಉಳಿದ ಆರು ಜನ ಕೈ ಎತ್ತುತ್ತಾರೆ. ಸೋತದ್ದು ಮೂರು ತಿಂಗಳ ನಂತರ ಮತ್ತೆ ಬರಬಹುದು. ಪುತ್ತೂರಿನ ಗೆಳೆಯ ಗೇಲಿ ಮಾಡುತ್ತಾ ಇದಕ್ಕೆ ‘ಕೋಳಿ ಅಂಕ’, ಅಂದರೆ ಕೋಳಿ ಕಾಳಗ, ಅಂತ ಹೆಸರಿಟ್ಟ. ಅದೇ ನಿಂತಿತು. ಯಾವುದಕ್ಕೆ ಯಾವುದನ್ನು ಕಟ್ಟಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಅದನ್ನು ಮಾತ್ರ ನಾನು ಹೇಳಲ್ಲ. ಬರೀ ಇಸವಿ ನೋಡಿ ಕಟ್ಟಬೇಡಿ, ಅಷ್ಟೇ.

ಮೊದಲನೇ ಅಂಕದಲ್ಲಿ ನಾನೇ ಇಸವಿ ನೋಡಿ ಕಟ್ಟಿದ್ದೆ. ನಾನು ತಂದದ್ದು ‘ವಾಟ್ಸ್ ಗೋಯಿಂಗ್ ಆನ್’. ಎದುರಿಗೆ ಫಂಕಡೆಲಿಕ್ ತಂಡದ ‘ಮ್ಯಾಗಟ್ ಬ್ರೈನ್’. ಎರಡೂ 1971, ಎರಡೂ ಡೆಟ್ರಾಯಿಟ್. ಎಡ್ಡಿ ಹೇಜಲ್ ಅವರ ಆ ಹತ್ತು ನಿಮಿಷದ ಗಿಟಾರ್ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದೆ ಅಂದರೆ, ನನ್ನ ಮಾರ್ವಿನ್ 4-2ರಲ್ಲಿ ಸೋತುಹೋದರು. ರಾತ್ರಿ ನಿದ್ದೆ ಬರಲಿಲ್ಲ. ಮೂರು ತಿಂಗಳ ಮೇಲೆ ವಾಪಸ್ ತಂದೆ, ಗೆದ್ದರು ಅನ್ನಿ.

ದುಡ್ಡಿನ ವಿಷಯ. ತಟ್ಟೆ ಹಾಕುವ ಟರ್ನ್‌ಟೇಬಲ್ಲಿಗೆ ಸುಮಾರು 250 ಡಾಲರ್. ಮಗ ಮುಳ್ಳು ಮುರಿದ, 80 ಹೋಯಿತು. ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ನ ದುಬಾರಿ ಪ್ರತಿಗೆ ಅರವತ್ತೋ ಎಪ್ಪತ್ತೋ ಕೊಟ್ಟೆ, ಸುಮ್ನೆ ಶೋಕಿ. ಹಳೇ ಅಂಗಡಿಯ ಹನ್ನೆರಡು ಡಾಲರ್ ಪ್ರತಿ ಸಾಕಿತ್ತು. ಒಟ್ಟು 1,500 ದಾಟಿರಬೇಕು. ‘ಇಷ್ಟರಲ್ಲಿ ಊರಿಗೆ ಒಂದು ಸಲ ಹೋಗಿ ಬರಬಹುದಿತ್ತು’ ಅನ್ನುತ್ತಾಳೆ ಹೆಂಡತಿ.

ಅವಳಿಂದಲೇ ಇನ್ನೊಂದು ಪ್ರಯೋಗವೂ ಆಯಿತು. ಜಾಝ್‌ನ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಳೇ ಪ್ರತಿ ಹಾಕಿದ್ದೆ. ಮೇಲಿನಿಂದಲೇ ಕೂಗಿದಳು, ‘ರೀ, ಶ್ರುತಿ ಸರಿ ಇಲ್ಲ.’ ಟರ್ನ್‌ಟೇಬಲ್ ಬಿಚ್ಚಿ, ಬೆಲ್ಟ್ ಬದಲಾಯಿಸಿ, ಎರಡು ಸಂಜೆ ಹಾಳು ಮಾಡಿಕೊಂಡೆ. ಶ್ರುತಿ ಪೆಟ್ಟಿಗೆ ಹಿಡಿದು ನೋಡಿದರೆ ಎರಡನೇ ಸೈಡ್ ಸರಿಯಾಗಿದೆ, ಮೊದಲನೆಯದು ಮಾತ್ರ ಒಂದೆಳೆ ಮೇಲೆ. ಆಮೇಲೆ ಗೊತ್ತಾಯಿತು. 1959ರ ಮಾರ್ಚ್‌ನಲ್ಲಿ ಆ ಸೈಡ್ ಧ್ವನಿಮುದ್ರಣ ಮಾಡಿದಾಗ ಟೇಪ್ ಯಂತ್ರವೇ ನಿಧಾನವಾಗಿ ಓಡಿತ್ತಂತೆ, ಹಾಗಾಗಿ ಸರಿ ವೇಗದಲ್ಲಿ ಹಾಕಿದಾಗ ಶ್ರುತಿ ಮೇಲೇರುತ್ತದೆ. ಸರಿಮಾಡಿದ್ದು 1990ರ ದಶಕದಲ್ಲಿ. ಅಷ್ಟು ವರ್ಷ ಜನ ಅದನ್ನೇ ಕೇಳಿ ತಲೆದೂಗಿದ್ದಾರೆ, ನಾನೂ ಸೇರಿ.

ಪಟ್ಟಿಗೆ ದೊಡ್ಡ ಪೆಟ್ಟು ಕೊಟ್ಟವರು ಪ್ಲಾಂಟಿನಿಂದ ನಿವೃತ್ತರಾದ ಒಬ್ಬ ಕಪ್ಪು ಹಿರಿಯರು. ಊಟಕ್ಕೆ ಕರೆದಿದ್ದೆ. ಗೋಡೆ ಮೇಲಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ‘ಚರ್ಚ್ ಎಲ್ಲಿದೆ?’ ಅಂದರು. ಆಗ ಮೂವತ್ತು ಆಲ್ಬಂ ಆಗಿತ್ತು, ಒಂದೂ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆಗಳ ಆಲ್ಬಂ, ಇರಲಿಲ್ಲ. ಅರೀಥಾ ಫ್ರ್ಯಾಂಕ್ಲಿನ್ ಅವರ 1967ರ ಆಲ್ಬಂ ಹಾಕಿಕೊಂಡು ಬೀಗುತ್ತಿದ್ದೆವು. ಅವರ ತಂದೆ ಪ್ರವಚನ ಮಾಡುತ್ತಿದ್ದ ನ್ಯೂ ಬೆಥೆಲ್ ಚರ್ಚ್ ಇದೇ ಊರಿನಲ್ಲಿದೆ, ನಾವು ಯಾರೂ ಒಂದು ದಿನ ಆ ಕಡೆ ತಲೆ ಹಾಕಿರಲಿಲ್ಲ. ಮುಂದಿನ ಶನಿವಾರ ಆ 1967ರ ಆಲ್ಬಂ ಎದುರಿಗೆ ಅರೀಥಾ ಅವರದೇ ‘ಅಮೇಜಿಂಗ್ ಗ್ರೇಸ್’ ಕಟ್ಟಿದೆ. 1972ರಲ್ಲಿ ಲಾಸ್ ಏಂಜಲೀಸ್‌ನ ಚರ್ಚ್ ಒಂದರಲ್ಲಿ, ಜನರ ಮುಂದೆಯೇ ಹಾಡಿದ್ದು. 6-0.

ನಿಯಮದ ಜಗಳ ಈಗಲೂ ಮುಗಿದಿಲ್ಲ. ಸಂಕಲನಗಳು ಬೇಡ ಅಂತ ನಾನು. ಹಾಗಾದರೆ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್? 1936-37ರಲ್ಲಿ 29 ಹಾಡು ಹಾಡಿ, 1938ರಲ್ಲಿ ತೀರಿಕೊಂಡ. ಅದರಲ್ಲಿ ಕೆಲವನ್ನು ಕೂಡಿಸಿದ ಎಲ್‌ಪಿ ಬಂದದ್ದು 1961ರಲ್ಲಿ. ‘ಎಲ್‌ಪಿ ಹುಟ್ಟೋಕ್ ಮುಂಚೆ ಸತ್ತಾಂವ ಏನ್ ಮಾಡಬೇಕ್ರಿ?’ ಅಂದರು ಹುಬ್ಬಳ್ಳಿಯವರು. ಒಳಗೆ ಬಿಟ್ಟೆವು. ರಾಕ್ ಅಂಡ್ ರೋಲ್‌ನ ಚಕ್ ಬೆರ್ರಿ ಸಂಕಲನ ಬೇಡ ಅಂದೆವು. ಇದರಲ್ಲಿ ನ್ಯಾಯ ಇಲ್ಲ, ಒಪ್ಪುತ್ತೇನೆ.

ಇನ್ನು ಮೂರು ಜಾಗ ಬಾಕಿ. ಈ ಶನಿವಾರ ರ‍್ಯಾಪ್ ಗಾಯಕ ನಾಸ್ ಅವರ ‘ಇಲ್‌ಮ್ಯಾಟಿಕ್’ ಎದುರಿಗೆ ನಮ್ಮೂರಿನ ಜೆ ಡಿಲ್ಲಾ ಅವರ ‘ಡೋನಟ್ಸ್’. 2006ರಲ್ಲಿ, ಅವರು ತೀರಿಕೊಳ್ಳುವ ಮೂರು ದಿನ ಮುಂಚೆ ಬಂದ ಆಲ್ಬಂ. ‘ಇಲ್‌ಮ್ಯಾಟಿಕ್’ ತರುತ್ತಿರುವವನು ನಾನು, ಅಂದರೆ ‘ಡೋನಟ್ಸ್’ ಪರ ವಾದ ನನ್ನದು. ಈ ಸಲ ಸುಮಾರಾಗಿ ಮಾತಾಡಿ ಬಚಾವಾಗೋಣ ಅಂತಿದ್ದೆ. ಆದರೆ ತಯಾರಿಗೆ ಅಂತ ನಾಲ್ಕು ಸಲ ಕೇಳಿಬಿಟ್ಟಿದ್ದೀನಿ.