ಲಾನ್‌ನಲ್ಲಿ ಮಗು ಜೊತೆ ತರಕಾರಿ ಪಾತಿ: ಕೊಡಗಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ವರ್ಗಾವಣೆ ಆಗಿ ಮಡಿಕೇರಿಗೋ ವಿರಾಜಪೇಟೆಗೋ ಬಂದವರಿಗೆ ಬಾಡಿಗೆ ಮನೆ ಮುಂದೆ ಒಂದಿಷ್ಟು ಹುಲ್ಲಿನ ಜಾಗ ಸಿಗೋದು ಇಲ್ಲಿ ಸಾಮಾನ್ಯ, ಫ್ಲಾಟ್‌ನಲ್ಲಿ ಬೆಳೆದ ಮಕ್ಕಳಿಗಂತೂ ಅದೇ ದೊಡ್ಡ ಮೈದಾನ. ಅದರಲ್ಲೊಂದು ಮೂಲೆ ಅಗೆದು ಮಗು ಜೊತೆ ತರಕಾರಿ ಹಾಕ್ಬಹುದಾ ಅಂತ ನಮ್ಮ ಸಂಘಕ್ಕೆ ಬರೋ ಹೊಸಬರು ಕೇಳ್ತಾನೇ ಇರ್ತಾರೆ. ಖಂಡಿತ ಹಾಕಿ. ಆದ್ರೆ ಬಯಲುಸೀಮೆ ಲೆಕ್ಕದಲ್ಲಿ ಮುಂಗಾರು ಬಂತು ಬೀಜ ಬಿತ್ತೋಣ ಅಂತ ಜೂನ್‌ನಲ್ಲಿ ಶುರು ಮಾಡ್ಬೇಡಿ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಮಳೆಗೆ ಸಣ್ಣ ಬೀಜ ಮಣ್ಣಿನ ಜೊತೆ ಕೊಚ್ಚಿ ಹೋಗುತ್ತೆ, ಉಳಿದಿದ್ದು ಕೊಳೆಯುತ್ತೆ, ಟೊಮೆಟೊ ಗಿಡಕ್ಕೆ ಅಂಗಮಾರಿ ರೋಗ ಬರುತ್ತೆ, ಮಗು ದಿನಾ ಹೋಗಿ ನೋಡಿ ಏನೂ ಬಂದಿಲ್ಲ ಅಂತ ಬೇಜಾರಾಗಿ ಬಿಟ್ಟುಬಿಡುತ್ತೆ. ಕುಶಾಲನಗರ ಮಡಿಕೇರಿಯಿಂದ 30 ಕಿಲೋಮೀಟರ್ ಅಷ್ಟೇ, ಆದ್ರೂ ಅಲ್ಲಿ ಮಳೆ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ, ಹಾಗಾಗಿ ಅಲ್ಲಿರೋರು ಸ್ವಲ್ಪ ಮುಂಚೆನೇ ಶುರು ಮಾಡ್ಬಹುದು. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರು ಅಕ್ಟೋಬರ್ ಮಧ್ಯ, ಅಂದ್ರೆ ಕಾವೇರಿ ಸಂಕ್ರಮಣದ ಹೊತ್ತಿಗೆ ಬಿತ್ತೋ ಹಾಗೆ ಪ್ಲಾನ್ ಮಾಡ್ಕೊಳ್ಳಿ.

ಶಾಲೆ ಶುರುವಾಗೋ ಹೊತ್ತಿಗೆ ಬಂದು ಮಗು ಆಗ್ಲೇ ಆಸೆಯಿಂದ ಕಾಯ್ತಾ ಇದ್ರೆ ಮಳೆಗಾಲದಲ್ಲೂ ಮಾಡೋ ಕೆಲಸ ಇದೆ. ಮನೆ ಸಾಮಾನು ಬಂದ ರಟ್ಟಿನ ಡಬ್ಬಗಳನ್ನ ಎಸೀಬೇಡಿ, ಟೇಪು ಪಿನ್ನು ಎಲ್ಲಾ ಕಿತ್ತು ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಹುಲ್ಲಿನ ಮೇಲೆ ಎರಡು ಪದರ ಹಾಸಿ, ಮೇಲೆ ತರಗೆಲೆ ದಪ್ಪಕ್ಕೆ ಹಾಕಿ ಅಲ್ಲಲ್ಲಿ ಕಲ್ಲಿಡಿ. ಬೆಳಕಿಲ್ದೆ ಕೆಳಗಿನ ಹುಲ್ಲು ಸಾಯುತ್ತೆ, ಅಗೆಯೋದು ಸುಲಭ ಆಗುತ್ತೆ.

ಇದಕ್ಕೆಲ್ಲಾ ಮುಂಚೆ ಮನೆ ಓನರ್ ಹತ್ರ ಒಂದು ಮಾತು ಕೇಳ್ಬಿಡಿ, ಕ್ವಾರ್ಟರ್ಸ್ ಆದ್ರೆ ಆಫೀಸಲ್ಲಿ. ಇನ್ನೊಂದು ಮುಖ್ಯ ವಿಷಯ, ಇಲ್ಲಿ ಎಷ್ಟೋ ಮನೆಗಳು ಗುಡ್ಡ ಕಡಿದು ಮಾಡಿದ ಜಾಗದಲ್ಲಿವೆ, ಮನೆ ಹಿಂದೋ ಮುಂದೋ ಬರೆ, ಅಂದ್ರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ, ಇರುತ್ತೆ. ಬರೆ ಅಂಚಲ್ಲಿ, ತಡೆಗೋಡೆ ಪಕ್ಕದಲ್ಲಿ ಅಗೀಲೇಬೇಡಿ, ಸಡಿಲ ಮಾಡಿದ ಮಣ್ಣಲ್ಲಿ ನೀರು ಇಂಗಿ ಬರೆ ಜಾರೋ ಅಪಾಯ ಇದೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದಿದ್ದನ್ನ ಕಂಡವರು ಯಾರೂ ಈ ವಿಷಯದಲ್ಲಿ ಹಗುರವಾಗಿ ಮಾತಾಡಲ್ಲ. ಸಮತಟ್ಟಾಗಿರೋ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳೋ ಕಡೆ ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಹಾಗಾಗಿ ಮನೆಯ ಉತ್ತರಕ್ಕೋ ದೊಡ್ಡ ಸಿಲ್ವರ್ ಓಕ್ ಮರದ ಮಗ್ಗುಲಿಗೋ ಹಾಕಿದ್ರೆ ಗಿಡ ಉದ್ದಕ್ಕೆ ಸೊರಗಿ ಹೋಗುತ್ತೆ.

ಅಳತೆ ಮೂರಡಿ ಅಗಲ ಎಂಟಡಿ ಉದ್ದ, ಮೊದಲ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಬೇಡ. ಮೂರಡಿ ಯಾಕೆ ಅಂದ್ರೆ ಮಗು ಎರಡೂ ಕಡೆಯಿಂದ ಕೈ ಚಾಚಿದ್ರೆ ನಡುವಿಗೆ ಮುಟ್ಟುತ್ತೆ, ಪಾತಿ ಮೇಲೆ ಕಾಲಿಡೋ ಅಗತ್ಯ ಬರಲ್ಲ. ರಟ್ಟು ಹಾಸದೇ ಇದ್ದೋರು ಸೆಪ್ಟೆಂಬರ್ ಕೊನೆಗೆ ಗುದ್ದಲಿಯಲ್ಲಿ ಗುರುತು ಹಾಕಿ ಹುಲ್ಲನ್ನ ಬೇರು ಸಮೇತ ಎರಡಿಂಚು ದಪ್ಪಕ್ಕೆ ಚಾಪೆ ಎತ್ತಿದಂಗೆ ಎತ್ತಿ, ತಲೆಕೆಳಗಾಗಿ ಒಂದು ಮೂಲೇಲಿ ಪೇರಿಸಿಡಿ, ಮುಂದಿನ ವರ್ಷಕ್ಕೆ ಅದೇ ಒಳ್ಳೆ ಮಣ್ಣು. ಗರಿಕೆ ಇದ್ರೆ ಬಿಳೀ ಗೆಣ್ಣು ಒಂದು ತುಂಡು ಉಳಿದ್ರೂ ಮತ್ತೆ ಚಿಗುರುತ್ತೆ, ಅದನ್ನ ಹುಡುಕಿ ಬಕೆಟ್‌ಗೆ ಹಾಕೋದು ಮಕ್ಕಳಿಗೆ ಕೊಡಿ, ದೊಡ್ಡವರಿಗಿಂತ ಚೆನ್ನಾಗಿ ಹೆಕ್ಕುತ್ತಾರೆ.

ಇಲ್ಲಿನ ಮಣ್ಣು ಹುಳಿ. ಜೋರು ಮಳೆಗೆ ಸುಣ್ಣದಂಶ ತೊಳೆದು ಹೋಗಿರುತ್ತೆ, ಅದಕ್ಕೇ ಕಾಫಿ ತೋಟದವರೂ ಸುಣ್ಣ ಹಾಕ್ತಾರೆ. ಈ ಅಳತೆ ಪಾತಿಗೆ ಅರ್ಧ ಕಿಲೋ ಕೃಷಿ ಸುಣ್ಣ ಸಾಕು, ಇದು ದೊಡ್ಡವರ ಕೆಲಸ, ಗಾಳಿ ಇಲ್ಲದಾಗ ಉದುರಿಸಿ ಮಣ್ಣಿಗೆ ಸೇರಿಸಿ. ಗೊಬ್ಬರವನ್ನ ಜೊತೆಗೇ ಹಾಕ್ಬೇಡಿ, ಎರಡು ಮೂರು ವಾರ ಬಿಟ್ಟು ಎರಡು ಮೂರು ಬುಟ್ಟಿ ಹಳೇ ಹಟ್ಟಿಗೊಬ್ಬರ ಹಾಕಿ. ಯಾರಾದ್ರೂ ಕಾಫಿ ಸಿಪ್ಪೆ ಕೊಟ್ರೆ ಪೂರ್ತಿ ಕೊಳೆತು ಕಪ್ಪಾಗಿದ್ರೆ ಮಾತ್ರ ಹಾಕಿ, ಹಸಿದು ಬೇಡ. ಆಮೇಲೆ ಮಣ್ಣನ್ನ ಮುಕ್ಕಾಲು ಅಡಿ ಏರಿಸಿ ಪಾತಿ ಮಾಡಿ, ಸುತ್ತ ನೀರು ಹರಿಯೋಕೆ ಚರಂಡಿ ಬಿಡಿ, ಯಾಕಂದ್ರೆ ಅಕ್ಟೋಬರ್ ನವೆಂಬರ್‌ನಲ್ಲೂ ಮಧ್ಯಾಹ್ನದ ಮೇಲೆ ಒಂದೊಂದು ಸಲ ಜೋರಾಗಿ ಹೊಡೆಯುತ್ತೆ.

ಈಗ ಮಗುವಿನ ಭಾಗ. ಪಾತಿಯ ಒಂದು ತುದಿ ಪೂರ್ತಿ ಅವರಿಗೇ ಬಿಟ್ಟುಬಿಡಿ, ಏನು ಹಾಕ್ಬೇಕು ಎಷ್ಟು ಹಾಕ್ಬೇಕು ಅವರೇ ಹೇಳಲಿ. ಬೇಗ ಮೊಳೆಯೋ ಬೀಜನೇ ಕೊಡಿ: ಮೂಲಂಗಿ, ಮೆಂತೆ ಮೂರ್ನಾಲ್ಕು ದಿನಕ್ಕೆ ಮೇಲೆ ಬರುತ್ತೆ, ಚಳಿ ಜಾಸ್ತಿ ಇದ್ರೆ ಇನ್ನೊಂದೆರಡು ದಿನ. ಮೆಂತೆ ಅಡುಗೆಮನೆ ಡಬ್ಬದಿಂದಲೇ ತಗೊಳ್ಳಿ. ಬೀನ್ಸ್‌ಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ತಳಿ ಒಳ್ಳೇದು, ಗಿಡ್ಡ ಗಿಡ, ಕೋಲು ಕೊಡೋದು ಬೇಡ. ಅದೇ ಸಂಸ್ಥೆಯ ಪ್ರಯೋಗ ಕೇಂದ್ರ ಇಲ್ಲೇ ಚೆಟ್ಟಳ್ಳಿಯಲ್ಲಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಬೀಜ ಮಣ್ಣು ಏನೇ ಅನುಮಾನ ಇದ್ರೂ ಹೋಗಿ ಕೇಳಿ. ಅಂಗಡಿ ಪ್ಯಾಕೆಟ್‌ನಲ್ಲಿ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಹಚ್ಚಿದ್ರೆ ಅದು ಔಷಧಿ ಲೇಪ, ಮಕ್ಕಳ ಕೈಗೆ ಕೊಡ್ಬೇಡಿ. ಕ್ಯಾರೆಟ್ ಮೊದಲ ವರ್ಷ ಬೇಡ ಅನ್ನೋದು ನಮ್ಮ ಅಭಿಪ್ರಾಯ, ಮೊಳೆಯೋದು ನಿಧಾನ, ಗಟ್ಟಿ ಕೆಂಪು ಮಣ್ಣಲ್ಲಿ ಗಡ್ಡೆ ಕವಲೊಡೆಯುತ್ತೆ.

ಬೀನ್ಸ್ ಬೀಜಕ್ಕೆ ಮಗುವಿನ ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು, ಒಂದು ಗೇಣಿಗೊಂದು. ವಾರದ ಹೊತ್ತಿಗೆ ಮಣ್ಣು ಸಣ್ಣಗೆ ಬಿರುಕು ಬಿಟ್ಟು ಮೊಳಕೆಯ ಕತ್ತು ಬಾಗಿಕೊಂಡು ಮೇಲೆ ಬರುತ್ತೆ, ತಲೆ ಇನ್ನೂ ಒಳಗೇ ಸಿಕ್ಕಿಕೊಂಡಿರುತ್ತೆ, ಆಗ ಎಲ್ಲಾ ಮಕ್ಕಳಿಗೂ ಅದನ್ನ ಎಳೆದು ಬಿಡಿಸೋ ಆಸೆ. ಎಳೆದ್ರೆ ಕತ್ತು ಮುರಿಯುತ್ತೆ, ನಾಳೆ ಬೆಳಿಗ್ಗೆ ತಾನೇ ಎದ್ದು ನಿಲ್ಲುತ್ತೆ ನೋಡು ಅಂತ ಹೇಳಿ. ಸಾಲು ಸೊಟ್ಟ ಇದ್ರೆ ಇರ್ಲಿ, ಅವರು ಮಲಗಿದ ಮೇಲೆ ಹೋಗಿ ಸರಿ ಮಾಡ್ಬೇಡಿ, ಅವರಿಗೆ ಗೊತ್ತಾಗುತ್ತೆ. ನೀರು ಬೆಳಿಗ್ಗೆ ಮಾತ್ರ, ಅದೂ ಮಣ್ಣು ಹಿಡಿದು ನೋಡಿ ಒಣಗಿದ್ರೆ.

ಹುಳಹುಪ್ಪಟೆ ಬಗ್ಗೆ ಹೆದರೋದು ಬೇಡ, ಎಚ್ಚರ ಇರಲಿ. ಜಿಗಣೆ ಕಚ್ಚಿದ್ರೆ ಬಿಡಿಸಿ ಸೋಪು ನೀರಲ್ಲಿ ತೊಳೆದು ಒತ್ತಿ ಹಿಡೀರಿ, ರಕ್ತ ಸ್ವಲ್ಪ ಹೊತ್ತು ಬರುತ್ತೆ, ಗಾಬರಿ ಬೇಡ. ದೊಡ್ಡ ಆಫ್ರಿಕನ್ ಬಸವನಹುಳು ಶನಿವಾರಸಂತೆ ಕಡೆ ತೋಟಗಳಿಗೇ ಕಾಟ ಕೊಟ್ಟಿದೆ, ಅದನ್ನ ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು, ಅದರಿಂದ ಮಿದುಳಿಗೆ ಸೋಂಕು ತರೋ ಪರಾವಲಂಬಿ ಹುಳ ಬರಬಹುದು. ದೊಡ್ಡವರು ಗ್ಲೌಸ್ ಹಾಕಿ ರಾತ್ರಿ ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಪಾತಿಗೆ ಉಪ್ಪು ಸುರೀಬೇಡಿ. ಸೊಪ್ಪನ್ನ ಚೆನ್ನಾಗಿ ತೊಳೆದೇ ಬಳಸಿ. ತರಗೆಲೆ ರಾಶಿಯಲ್ಲಿ ಹಾವು ಇರಬಹುದು, ಕೋಲಲ್ಲಿ ಕೆದಕಿ ನೋಡದೆ ಕೈ ಹಾಕಬಾರದು ಅನ್ನೋದನ್ನ ಮಗುಗೆ ಮೊದಲ ದಿನವೇ ಕಲಿಸಿ.

ಮೆಂತೆ ತಿಂಗಳಿಗೆ, ಮೂಲಂಗಿ ಒಂದೂವರೆ ತಿಂಗಳಿಗೆ, ಬೀನ್ಸ್ ಎರಡು ತಿಂಗಳೊಳಗೆ ಸಿಗುತ್ತೆ. ಮೇ ಬಂದ್ರೆ ಪಾತಿ ಖಾಲಿ ಬಿಡ್ಬೇಡಿ, ಬರಿ ಮಣ್ಣಿದ್ರೆ ಮಳೆಗೆ ಹೋಗುತ್ತೆ. ಮಡಿಕೇರಿ ಶುಕ್ರವಾರದ ಸಂತೆಯಿಂದ ನಾಲ್ಕು ಗಡ್ಡೆ ಶುಂಠಿ ಅರಿಶಿನ ತಂದು ಹೂಳಿ, ಪಕ್ಕದ ಮನೆಯವರ ಹತ್ರ ಒಂದೆರಡು ಕೆಸುವಿನ ಗಡ್ಡೆ ಕೇಳಿ, ಸಂತೋಷವಾಗಿ ಕೊಡ್ತಾರೆ, ಅದು ಈ ಮಳೆಗೆ ಒಗ್ಗಿದ ಗಿಡ. ಕೆಸು ಕೊಯ್ಯೋದು ಮಾತ್ರ ದೊಡ್ಡವರೇ ಮಾಡಿ, ಕೈ ತುರಿಸುತ್ತೆ, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದ ಮೇಲೇ ಮಕ್ಕಳಿಗೆ ಬಡಿಸಿ.