ನೆಲಕ್ಕೆ ಅಂಟಿಸಿದ ಟೇಪು

ವಾಸ್ತುಶಿಲ್ಪ ಓದುವ ಮೊದಲ ವರ್ಷದಲ್ಲಿ ನಮಗೆ ಕೊಟ್ಟ ವಿನ್ಯಾಸದ ಕೆಲಸ ಕೇಳಲು ಬಹಳ ಸುಲಭವಾಗಿತ್ತು. ಒಬ್ಬರೇ ಕುಳಿತು ಓದುವುದಕ್ಕೊಂದು ಕೋಣೆ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ದಾಟಬಾರದು. ನಾಲ್ಕು ರಾತ್ರಿ ಕುಳಿತು ನಕ್ಷೆ ಬರೆದೆ. ಗೋಡೆಗಳಿಗೆ ದಪ್ಪ ಗೆರೆ, ಮೇಜು ಕುರ್ಚಿಗಳಿಗೆ ತೆಳು ಗೆರೆ, ಕಿಟಕಿಯ ಆಚೆ ಒಂದು ಮರ. ಹಾಳೆ ನೋಡಲು ಚೆನ್ನಾಗಿತ್ತು, ಈಗಲೂ ಹಾಗೆಯೇ ಅನ್ನಿಸುತ್ತದೆ. ಶಿಕ್ಷಕರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಈ ಕುರ್ಚಿಯಲ್ಲಿ ಕುಳಿತವರು ತಲೆ ಎತ್ತಿದರೆ ಏನು ಕಾಣುತ್ತದೆಯಮ್ಮಾ?"

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಆ ಕೋಣೆಯನ್ನು ಮೇಲಿನಿಂದ ನೋಡಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ.

ಅಂದು ಸಂಜೆ ಸ್ಟುಡಿಯೋದ ಮೇಜುಗಳನ್ನು ಗೋಡೆಗೆ ಸರಿಸಿ, ಕಾಗದದ ಟೇಪಿನಿಂದ ನೆಲದ ಮೇಲೆ ನನ್ನ ಕೋಣೆಯನ್ನು ಪೂರ್ತಿ ಅಳತೆಯಲ್ಲಿ ಬರೆದೆ. ಮೇಜಿಗೆ 60 ಸೆಂಟಿಮೀಟರ್, ಕಪಾಟಿಗೆ 30, ಬಾಗಿಲಿಗೆ 90. ಒಂದು ಕುರ್ಚಿ ತಂದಿಟ್ಟು ಕುಳಿತೆ, ಎದ್ದೆ, ಮತ್ತೆ ಕುಳಿತೆ. ಕುರ್ಚಿ ಹಿಂದಕ್ಕೆ ಸರಿಸಿ ಮೈ ಹೊರಳಿಸಿ ಏಳುವುದಕ್ಕೆ ಮೇಜಿನ ಅಂಚಿನಿಂದ ಕಡಿಮೆಯೆಂದರೂ 75 ಸೆಂಟಿಮೀಟರ್ ಬೇಕು. ನನ್ನ ನಕ್ಷೆಯಲ್ಲಿ ಇದ್ದದ್ದು 50. ಬಾಗಿಲು ಒಳಕ್ಕೆ ತೆರೆದರೆ ನೇರವಾಗಿ ಕುರ್ಚಿಯ ಬೆನ್ನಿಗೆ ಬಡಿಯುತ್ತಿತ್ತು. ಕಿಟಕಿಯನ್ನು ನಾನು ನಿಂತವರ ಕಣ್ಣಿನ ಮಟ್ಟಕ್ಕೆ ಇಟ್ಟಿದ್ದೆ. ಕುಳಿತವರ ಕಣ್ಣು ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿರುತ್ತದೆ. ಅವರಿಗೆ ಮರ ಕಾಣುತ್ತಿರಲಿಲ್ಲ, ಕಿಟಕಿಯ ಕೆಳಗಿನ ಗೋಡೆ ಕಾಣುತ್ತಿತ್ತು. ಓದುವ ಕೋಣೆಯೊಳಗೆ ಓದುವವರಿಗೇ ಜಾಗ ಇಟ್ಟಿರಲಿಲ್ಲ.

ಆಮೇಲೆ ಎಷ್ಟೋ ಕಲಿತಿದ್ದೇನೆ. ಆದರೆ ನನ್ನ ಕೆಲಸದ ದಾರಿ ಬದಲಾದದ್ದು ಆ ಸಂಜೆ. ಇಂದಿಗೂ ಯಾವ ವಿನ್ಯಾಸವನ್ನಾದರೂ ಅದರ ಒಂದು ಮುಖ್ಯ ಮೂಲೆಯನ್ನು ನೆಲದ ಮೇಲೆ ಟೇಪು ಹಾಕಿ ನೋಡದೆ ಮುಂದುವರಿಸುವುದಿಲ್ಲ.

ಕನ್ನಡದಲ್ಲಿ "ಅವಕಾಶ" ಎಂಬ ಪದ ನನಗೆ ಬಹಳ ಇಷ್ಟ. ಅದು ತೆರಪೂ ಹೌದು, ಏನನ್ನಾದರೂ ಮಾಡಬಲ್ಲ ಸಂದರ್ಭವೂ ಹೌದು. ಕುರ್ಚಿಯ ಹಿಂದಿನ 75 ಸೆಂಟಿಮೀಟರ್ ಎಂದರೆ ಏಳುವ ಅವಕಾಶ. ಕಿಟಕಿಯ ಕಟ್ಟೆ 45 ಸೆಂಟಿಮೀಟರ್ ಎತ್ತರವಿದ್ದರೆ ಅದು ಕುಳಿತುಕೊಳ್ಳುವ ಅವಕಾಶ. 90 ಇದ್ದರೆ ಒರಗಿ ನಿಲ್ಲುವುದಕ್ಕಷ್ಟೇ. ಹೀಗೆ ಯೋಚಿಸತೊಡಗಿದ ಮೇಲೆ ಅಳತೆಗಳು ನನಗೆ ಬಾಯಿಪಾಠದ ಅಂಕಿಗಳಾಗಿ ಉಳಿಯಲಿಲ್ಲ. ನನ್ನ ಮೈಯನ್ನೇ ಅಳತೆಪಟ್ಟಿ ಮಾಡಿಕೊಂಡೆ: ಗೇಣು 19 ಸೆಂಟಿಮೀಟರ್, ಮೊಳ 43, ಎರಡೂ ಕೈ ಚಾಚಿದರೆ ಒಂದು ಮಾರು, 1.55 ಮೀಟರ್. ಒಳಗೆ ಹೋದ ಕಟ್ಟಡ ಹಿತವೆನ್ನಿಸಿದರೆ ಅಲ್ಲೇ ಗೇಣು ಹಾಕಿ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹಿತವೆನ್ನಿಸದಿದ್ದರೆ ಇನ್ನೂ ಜಾಗ್ರತೆಯಿಂದ ಅಳೆಯುತ್ತೇನೆ.

ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ತನ್ನ ಅಳತೆಯ ಕ್ರಮವನ್ನು 1.83 ಮೀಟರ್ ಎತ್ತರದ ಮನುಷ್ಯನ ಮೇಲೆ ನಿಲ್ಲಿಸಿದ. ಆ ಮನುಷ್ಯ ಕೈ ಎತ್ತಿದರೆ 2.26 ಮೀಟರ್. ಒಂದು ಇಡೀ ಕಟ್ಟಡವನ್ನು ದೇಹದಿಂದ ಅಳೆಯಬೇಕೆಂಬ ಅವನ ಹಟ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ನನ್ನ ಎತ್ತರ 1.56 ಮೀಟರ್. ಮಕ್ಕಳದು ಇನ್ನೂ ಕಡಿಮೆ. ಗಾಲಿಕುರ್ಚಿಯಲ್ಲಿ ಓಡಾಡುವವರ ಕಣ್ಣಿನ ಮಟ್ಟ ಬೇರೆ, ಕೈಗೆಟಕುವ ಎತ್ತರ ಬೇರೆ. ಯಾರ ದೇಹ ಎಂದು ಕೇಳಿಕೊಳ್ಳದೆ ದೇಹದ ಅಳತೆ ಎಂದು ಹೇಳುವುದು ಅರ್ಧ ಮಾತು. ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಎರಡನೇ ವರ್ಷದ ಗ್ರಂಥಾಲಯದಿಂದ ಕಲಿತೆ.

ಅದು ಒಂದು ಬಡಾವಣೆಗೆ ಬೇಕಾದ ಸಣ್ಣ ಗ್ರಂಥಾಲಯ. 18 ಮೀಟರ್ ಉದ್ದ, 8 ಮೀಟರ್ ಅಗಲದ ಒಂದೇ ಹಜಾರ. ಮಕ್ಕಳಿಗೆ, ದಿನಪತ್ರಿಕೆ ಓದುವವರಿಗೆ, ಪರೀಕ್ಷೆಗೆ ಕುಳಿತು ಓದುವವರಿಗೆ ಬೇರೆ ಬೇರೆ ಕೋಣೆ ಬೇಕೆಂದು ಕೇಳಿದ್ದರು. ಗೋಡೆ ಎಬ್ಬಿಸಿದರೆ ಹಜಾರ ಮೂರು ಡಬ್ಬಿಗಳಾಗುತ್ತಿತ್ತು. ಈ ಸಲ ನಕ್ಷೆಯನ್ನು ಬದಿಗಿಟ್ಟು ಮೊದಲು ಸೆಕ್ಷನ್ ಬರೆದೆ. ಎಂದರೆ ಕಟ್ಟಡವನ್ನು ಹಲಸಿನ ಹಣ್ಣಿನಂತೆ ನಡುವೆ ಸೀಳಿ ನೋಡುವ ಚಿತ್ರ. ಸೆಕ್ಷನ್ ಬರೆಯುವಾಗ ಮನುಷ್ಯರನ್ನು ಬರೆಯದೆ ಇರಲು ಆಗುವುದಿಲ್ಲ, ಅದಕ್ಕೇ ಅದು ನನಗೆ ಹತ್ತಿರ. ಛಾವಣಿಯನ್ನು ಒಂದೇ ಮಟ್ಟದಲ್ಲಿಟ್ಟು ನೆಲವನ್ನು ಎರಡು ಸಲ ಎತ್ತಿದೆ, ಒಂದೊಂದು ಸಲಕ್ಕೂ 45 ಸೆಂಟಿಮೀಟರ್. ಕೆಳಗಿನ ನೆಲದಲ್ಲಿ ತಲೆಯ ಮೇಲೆ 3.6 ಮೀಟರ್, ನಡುವೆ 3.15, ಮೇಲೆ 2.7. ಗೋಡೆಯಿಲ್ಲದೆ ಮೂರು ಜಾಗಗಳಾದವು. ಛಾವಣಿ ತಗ್ಗಿದ ಕಡೆ ಜನ ತಾವಾಗಿ ದನಿ ತಗ್ಗಿಸುತ್ತಾರೆಂಬುದು ನನ್ನ ಎಣಿಕೆಯಾಗಿತ್ತು.

45 ಏಕೆ ಎಂದರೆ, ಅದು ಕುಳಿತುಕೊಳ್ಳುವ ಎತ್ತರ. 15 ಸೆಂಟಿಮೀಟರಿನ ಮೂರು ಮೆಟ್ಟಿಲು ಸೇರಿದರೆ ಒಂದು ಆಸನ. ಮೆಟ್ಟಿಲಿನ ಲೆಕ್ಕ ಹಳೆಯದು. 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೆಜ್ಜೆಯ ಅಳತೆಯಿಂದ ಕಟ್ಟಿದ ಸೂತ್ರ ಅದರ ಬುಡದಲ್ಲಿದೆ. ಎರಡು ಮೆಟ್ಟಿಲ ಎತ್ತರಕ್ಕೆ ಒಂದು ಮೆಟ್ಟಿಲ ಅಗಲ ಕೂಡಿಸಿದರೆ 60ರಿಂದ 64 ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕು. ಎತ್ತರ 15, ಅಗಲ 30 ಇಟ್ಟರೆ ಸರಿಯಾಗಿ 60. ಹತ್ತುವವರಿಗೆ ಮೆಟ್ಟಿಲು, ಪಕ್ಕದಲ್ಲಿ ಅದೇ ಅಂಚು ಓದುವವರಿಗೆ ಆಸನ. ನೆಲದ ಮೇಲೆ ಟೇಪು ಹಾಕಿ, ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಕುಳಿತು ನೋಡಿದೆ. ಖುಷಿಯಾಯಿತು.

ಬೆಳಕಿನಲ್ಲಿ ಮಾತ್ರ ಎಡವಿದೆ. ಉದ್ದನೆಯ ಗೋಡೆಯೊಂದರಲ್ಲಿ ಸಾಲು ಕಿಟಕಿ ಇಟ್ಟು, 1:20 ಸ್ಕೇಲಿನಲ್ಲಿ, ಎಂದರೆ ನಿಜದ ಇಪ್ಪತ್ತರಲ್ಲೊಂದು ಅಳತೆಯಲ್ಲಿ, ಮಾಡೆಲ್ ಮಾಡಿ, ಬಿಸಿಲಿಗೆ ಒಯ್ದು ಮೊಬೈಲನ್ನು ಬಾಗಿಲಲ್ಲಿಟ್ಟು ಚಿತ್ರ ತೆಗೆದೆ. ಹಜಾರ ಹಾಲಿನಂತೆ ಬೆಳಗುತ್ತಿತ್ತು. ಬೆಳಕಿಗೆ ಸ್ಕೇಲ್ ಎಂಬುದಿಲ್ಲ. 90 ಸೆಂಟಿಮೀಟರ್ ಉದ್ದದ ಮಾಡೆಲಿನೊಳಗೆ ಅದು ಹರಡುವ ರೀತಿಯೂ 18 ಮೀಟರಿನ ಹಜಾರದಲ್ಲಿ ಹರಡುವ ರೀತಿಯೂ ಒಂದೇ. ಆದರೆ ಒಂದು ಷರತ್ತಿದೆ: ಒಳಗಿನ ಬಣ್ಣಗಳು ನಿಜವಾದವೇ ಆಗಿರಬೇಕು. ನನ್ನ ಮಾಡೆಲ್ ಪೂರ್ತಿ ಬಿಳಿ. ನಿಜವಾದ ಗ್ರಂಥಾಲಯದಲ್ಲಿ ಇರುವುದು ಮರದ ಕಪಾಟು, ಬಣ್ಣಬಣ್ಣದ ಪುಸ್ತಕ, ಬೂದು ನೆಲ. ಕಂದು ಕಾಗದದಿಂದ ಕಪಾಟು ಮಾಡಿ, ಹಳೆಯ ಪತ್ರಿಕೆಗಳ ಬಣ್ಣದ ಪುಟ ಕತ್ತರಿಸಿ ಪುಸ್ತಕಗಳ ಸಾಲು ಅಂಟಿಸಿ, ನೆಲಕ್ಕೆ ಬೂದು ಹಾಳೆ ಹಾಸಿ ಮತ್ತೆ ಬಿಸಿಲಿಗೆ ಒಯ್ದೆ. ಒಳಗಿನ ಅರ್ಧ ಹಜಾರ ಮಬ್ಬಾಗಿತ್ತು. ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಕೆಲಸಕ್ಕೆ ಬರುವ ಹಗಲು ಬೆಳಕು ಒಳಗೆ ಬರುತ್ತದೆ ಎಂಬ ಅಂದಾಜು ಸೂತ್ರವನ್ನು ಆಮೇಲೆ ಓದಿದೆ. ನನ್ನ ಕಿಟಕಿಯ ಮೇಲಂಚು 2.1 ಮೀಟರಿನಲ್ಲಿತ್ತು. 5 ಮೀಟರಿಗೆ ಬೆಳಕು ಸೋತು ನಿಂತಿತ್ತು. ಹಜಾರದ ಅಗಲ 8.

ಈ ಮಬ್ಬು ಬಗೆಹರಿಯುವ ಮೊದಲೇ ಜ್ಯೂರಿ ಬಂತು, ಎಂದರೆ ನಮ್ಮ ಕೆಲಸವನ್ನು ಎಲ್ಲರೆದುರು ವಿಮರ್ಶಿಸಿ ಅಂಕ ಕೊಡುವ ದಿನ. ಅಲ್ಲಿ ಬೆಳಕಿನ ಮಾತೇ ಬರಲಿಲ್ಲ. ಹೊರಗಿನಿಂದ ಬಂದಿದ್ದ ವಾಸ್ತುಶಿಲ್ಪಿಯೊಬ್ಬರು ನನ್ನ ಮೆಟ್ಟಿಲಾಸನಗಳನ್ನು ಬೆರಳಿನಿಂದ ಮುಟ್ಟಿ, "ಇದು ಈ ಕಟ್ಟಡದ ಅತ್ಯಂತ ಒಳ್ಳೆಯ ಜಾಗ. ಗಾಲಿಕುರ್ಚಿಯಲ್ಲಿ ಬಂದ ಹುಡುಗಿಗೆ ಇದು ಯಾಕೆ ಇಲ್ಲ?" ಎಂದರು. ರ‍್ಯಾಂಪ್ ಇದೆ ಎಂದೆ. ಹೌದು, ಕಟ್ಟಡದ ಹಿಂದೆ, ಶೌಚಾಲಯದ ಪಕ್ಕದಿಂದ, ನೇರವಾಗಿ ಮೇಲಿನ ನೆಲಕ್ಕೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು. ಅಂಕ ಕಡಿಮೆ ಬಂದದ್ದಕ್ಕಲ್ಲ. ಆ ಹುಡುಗಿಯನ್ನು ನಾನು ಒಮ್ಮೆಯೂ ನೆನೆದಿರಲಿಲ್ಲ.

ಮುಂದಿನ ಮೂರು ವಾರ ನಾನು ಆ ಒಂದು ರ‍್ಯಾಂಪನ್ನೇ ಬರೆದೆ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಎಂದರೆ ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದ. ನಾನು ಏರಬೇಕಾದ ಎತ್ತರ 90 ಸೆಂಟಿಮೀಟರ್, 10.8 ಮೀಟರ್ ಉದ್ದ ಬೇಕು. ನಡುವೆ ತಂಗಲು ಸಮತಟ್ಟಾದ ಜಾಗ ಬೇಕು, ಅಲ್ಲಿ ಗಾಲಿಕುರ್ಚಿ ತಿರುಗಲು 1.5 ಮೀಟರಿನ ವೃತ್ತ ಬೇಕು. ಬಟರ್ ಪೇಪರ್ ಎಂಬ ತೆಳು ಹಾಳೆಯ ಮೇಲೆ ಅದನ್ನು ಮಡಿಸಿ, ಸುತ್ತಿಸಿ, ಹೊರಗೆ ತಳ್ಳಿ ನೋಡಿದೆ. ಎಲ್ಲಿಟ್ಟರೂ ಅದು ಕಟ್ಟಡಕ್ಕೆ ಹೊಲಿದ ತೇಪೆಯಂತೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಲೆಕ್ಕವನ್ನು ಮತ್ತೆ ಬರೆಯುವಾಗ ಕಣ್ಣಿಗೆ ಬಿತ್ತು: ಅರ್ಧ ಏರಿದಾಗ ರ‍್ಯಾಂಪ್ ಮುಟ್ಟುವ ಎತ್ತರ 45 ಸೆಂಟಿಮೀಟರ್. ನನ್ನ ನಡುವಿನ ನೆಲದ ಎತ್ತರವೂ 45!

ಹಿಂದಿನ ಬಾಗಿಲನ್ನು ಅಳಿಸಿದೆ. ಕಿಟಕಿಗಳ ಎದುರಿನ ಉದ್ದ ಗೋಡೆಗುಂಟ, ಮುಖ್ಯ ಬಾಗಿಲಿನಿಂದಲೇ ರ‍್ಯಾಂಪ್ ಶುರುಮಾಡಿದೆ. 5.4 ಮೀಟರ್ ಏರು, ಆಮೇಲೆ 3 ಮೀಟರ್ ಸಮತಟ್ಟು, ಮತ್ತೆ 5.4 ಮೀಟರ್ ಏರು, ಒಟ್ಟು 13.8, ಹಜಾರದೊಳಗೇ ಹಿಡಿಸಿತು. ನಡುವಿನ ಆ 3 ಮೀಟರ್ ನೇರವಾಗಿ ನಡುವಿನ ನೆಲಕ್ಕೆ ಕೂಡಿಕೊಂಡಿತು. ಈಗ ಆ ಹುಡುಗಿ ಗೆಳತಿಯರ ಜೊತೆ ಒಂದೇ ಬಾಗಿಲಿನಿಂದ ಬರುತ್ತಾಳೆ, ಅವರು ಕುಳಿತ ಮಟ್ಟಕ್ಕೇ ಬಂದು ನಿಲ್ಲುತ್ತಾಳೆ. ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದವರೂ, ಮೊಣಕಾಲು ನೋವಿನ ಹಿರಿಯರೂ ಅದೇ ದಾರಿ ಹಿಡಿಯುತ್ತಾರೆ. ಮೆಟ್ಟಿಲು ಪಕ್ಕದ ದಾರಿಯಾಯಿತು.

ಬೆಳಕಿಗೂ ಅಲ್ಲೇ ದಾರಿ ಸಿಕ್ಕಿತು. ಮಬ್ಬಾಗಿದ್ದದ್ದು ಈ ಗೋಡೆಯ ಕಡೆಯೇ. ರ‍್ಯಾಂಪಿನ ಮೇಲೆ ಛಾವಣಿಯಲ್ಲಿ 60 ಸೆಂಟಿಮೀಟರ್ ಅಗಲದ ಉದ್ದನೆಯ ಸೀಳು ಬಿಟ್ಟೆ. ಬೆಳಕು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುತ್ತದೆ. ಸೀಳಿನ ಬದಿಗಳನ್ನು 90 ಸೆಂಟಿಮೀಟರ್ ಆಳ ಮಾಡಿದ್ದರಿಂದ ಬೆಳಗ್ಗೆ ಸಂಜೆಯ ಓರೆ ಬಿಸಿಲು ಆ ಬದಿಗಳಿಗೇ ಬಡಿದು ಚದುರುತ್ತದೆ. ಬಿಸಿಲಿಗೆ ಪುಸ್ತಕ ಮಾಸುವುದರಿಂದ ಆ ಗೋಡೆಯಲ್ಲಿ ಕಪಾಟು ಇಡಲಿಲ್ಲ. ಹೀಗೆ ಸೀಳುವ ಧೈರ್ಯ ಬಂದದ್ದು ವಾಸ್ತುಶಿಲ್ಪಿ ತಡಾವೊ ಆಂಡೊ 1989ರಲ್ಲಿ ಜಪಾನಿನ ಇಬಾರಾಕಿಯಲ್ಲಿ ಮುಗಿಸಿದ ಬೆಳಕಿನ ಚರ್ಚ್‌ನಿಂದ. ಅಲ್ಲಿ ಕಾಂಕ್ರೀಟು ಗೋಡೆಯನ್ನೇ ಶಿಲುಬೆಯಾಕಾರದಲ್ಲಿ ಸೀಳಿದ್ದಾರೆ. ಕತ್ತಲಿನ ಪೆಟ್ಟಿಗೆಯಂಥ ಆ ಕೋಣೆಯಲ್ಲಿ ಬೆಳಕೇ ಶಿಲುಬೆ. ಅದರ ಸೆಕ್ಷನ್ನನ್ನು ಹಿಂದಿನ ವರ್ಷ ಕೈಯಾರೆ ನಕಲು ಮಾಡಿದ್ದೆ. ಮಾಡೆಲನ್ನು ಕಂದು ಕಪಾಟುಗಳ ಸಮೇತ ಮೂರನೇ ಸಲ ಬಿಸಿಲಿಗೆ ಒಯ್ದಾಗ ಹಜಾರದ ಅತಿ ಬೆಳಕಿನ ಜಾಗ ಆ ರ‍್ಯಾಂಪ್ ಆಗಿತ್ತು.

ನಕಲು ಮಾಡುವುದರ ಬಗ್ಗೆ ಒಂದು ಮಾತು. ಒಳ್ಳೆಯ ಕಟ್ಟಡಗಳ ಚಿತ್ರಗಳನ್ನು ಪರದೆಯ ಮೇಲೆ ಸರಿಸುತ್ತಾ ನೋಡಿದರೆ ಏನೂ ಉಳಿಯುವುದಿಲ್ಲ. ಕೈಯಲ್ಲಿ ಬರೆದರೆ ಉಳಿಯುತ್ತದೆ. ಸಾಬರಮತಿಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕಟ್ಟಿದ, 1963ರಲ್ಲಿ ಮುಗಿದ ಗಾಂಧಿ ಸಂಗ್ರಹಾಲಯದ ನಕ್ಷೆಯನ್ನು ಬರೆಯುವಾಗ 6 ಮೀಟರಿನ ಒಂದೇ ಚೌಕ ಮತ್ತೆ ಮತ್ತೆ ಬರುವುದು ಕೈಗೇ ತಿಳಿಯಿತು. ಕೆಲವು ಚೌಕಕ್ಕೆ ಗೋಡೆ, ಕೆಲವಕ್ಕೆ ಬರೀ ಕಂಬ, ಕೆಲವಕ್ಕೆ ಆಕಾಶ. ಒಳಗೆ, ಹೊರಗೆ ಎಂಬ ಎರಡೇ ಪದಗಳು ಸಾಲುವುದಿಲ್ಲವೆಂದು ಅದನ್ನು ಬರೆದ ಮೇಲೆ ಅನ್ನಿಸಿತು.

ಕಂಪ್ಯೂಟರಿನಲ್ಲಿ ಕಟ್ಟಡದ ಚಿತ್ರ ಮಾಡುವ ಬಗ್ಗೆ ನನ್ನದು ಒಂದೇ ಎಚ್ಚರಿಕೆ. ಅದರೊಳಗಿನ ಕ್ಯಾಮೆರಾದ ನೋಟವನ್ನು ಅಗಲಿಸಿದರೆ 3 ಮೀಟರಿನ ಕೋಣೆಯೂ ಸಭಾಂಗಣದಂತೆ ಕಾಣುತ್ತದೆ. ನಾನು ಕಣ್ಣಿನ ಮಟ್ಟವನ್ನು ನಿಂತವರಿಗೆ 1.5, ಕುಳಿತವರಿಗೆ 1.1 ಮೀಟರಿಗೆ, ನೋಟದ ಕೋನವನ್ನು 60 ಡಿಗ್ರಿಯೊಳಗೆ ಇಟ್ಟು ನೋಡುತ್ತೇನೆ. ಚಿತ್ರ ಸಪ್ಪೆಯಾಗುತ್ತದೆ, ಸುಳ್ಳಾಗುವುದಿಲ್ಲ.

ಮೂರನೇ ವರ್ಷದ ಚಿಕಿತ್ಸಾಲಯದ ಕೆಲಸದಲ್ಲಿ ನಾನು ಹಿಡಿದುಕೊಂಡದ್ದು ಕಾಯುವ ಹಜಾರವನ್ನು. ಗೆರೆ ಎಳೆಯುವ ಮೊದಲು ಎರಡು ದಿನ ಒಂದು ಆಸ್ಪತ್ರೆಯಲ್ಲಿ ಸುಮ್ಮನೆ ಕುಳಿತು ನೋಡಿದೆ. ಜನ ಮೊದಲು ಸಾಲಿನ ತುದಿಯ ಕುರ್ಚಿ ಹಿಡಿಯುತ್ತಿದ್ದರು, ಆಮೇಲೆ ಬೆನ್ನಿಗೆ ಗೋಡೆಯಿರುವ ಕುರ್ಚಿ. ಹೆಸರು ಕರೆದದ್ದು ಕೇಳಿಸದೆ ಹೋದೀತೆಂಬ ಭಯಕ್ಕೆ ಹಲವರು ಕುರ್ಚಿ ಖಾಲಿಯಿದ್ದರೂ ವೈದ್ಯರ ಬಾಗಿಲ ಬಳಿ ನಿಂತೇ ಇದ್ದರು. ಕೊರತೆ ಕುರ್ಚಿಗಳದ್ದಲ್ಲ; ಕುಳಿತಲ್ಲಿಂದ ಬಾಗಿಲು ಕಾಣುತ್ತಿರಲಿಲ್ಲ. ನನ್ನ ಹಜಾರದಲ್ಲಿ ಆಸನಗಳನ್ನು ಗೋಡೆಯ ಗೂಡುಗಳಲ್ಲಿ ಮೂರು ನಾಲ್ಕರಂತೆ ಇಟ್ಟು, ಪ್ರತಿ ಗೂಡಿನಿಂದಲೂ ವೈದ್ಯರ ಬಾಗಿಲು ಮತ್ತು ಅಂಗಳದ ಒಂದು ಮರ ಎರಡೂ ಕಾಣುವಂತೆ ಗೆರೆ ಎಳೆದು ಪರೀಕ್ಷಿಸಿದೆ. ಮರದ ವಿಷಯದಲ್ಲಿ ನನಗೆ ಬೆಂಬಲವಾಗಿದ್ದದ್ದು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋಗಿದ್ದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ಪಡೆದಿದ್ದರು.

ಈ ವಾರ ಸ್ಟುಡಿಯೋದ ನೆಲದ ಮೇಲೆ ಹೊಸ ಟೇಪು ಬಿದ್ದಿದೆ. ಆಸ್ಪತ್ರೆಯಲ್ಲಿರುವ ರೋಗಿಗಳ ಮನೆಯವರು ರಾತ್ರಿ ತಂಗುವುದಕ್ಕೊಂದು ಮನೆ. ಹಾಸಿಗೆಯ ಅಳತೆ 190 ಮತ್ತು 75 ಸೆಂಟಿಮೀಟರ್ ಎಂದು ಗೊತ್ತಾಗಿದೆ. ಎರಡು ಹಾಸಿಗೆಗಳ ನಡುವೆ 60 ಬಿಟ್ಟರೆ 20 ಜನರಿಗೆ ಜಾಗ, 90 ಬಿಟ್ಟರೆ 16. ನಿನ್ನೆ ರಾತ್ರಿ ಗೆಳತಿಯೂ ನಾನೂ ಎರಡು ಟೇಪಿನ ಚೌಕಟ್ಟುಗಳಲ್ಲಿ ಎದುರುಬದುರಾಗಿ ಹೊರಳಿ ಮಲಗಿದೆವು. 60ರಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. "ಇಷ್ಟು ಹತ್ತಿರದಲ್ಲಿ ಗುರುತಿಲ್ಲದವರು ಮಲಗಿದ್ದರೆ ನಾನು ಅಳಲಾರೆ," ಎಂದಳು. ಎದ್ದು ಟೇಪು ಕಿತ್ತು 90ಕ್ಕೆ ಅಂಟಿಸಿದೆ. ಉಳಿದ ನಾಲ್ವರಿಗೆ ಜಾಗ ಎಲ್ಲಿಂದ ತರುವುದೆಂದು ಇಂದು ಬೆಳಗ್ಗೆಯಿಂದ ಸೆಕ್ಷನ್ ಬರೆಯುತ್ತಿದ್ದೇನೆ.